ಹಾಡಿನಲ್ಲಿ ನಾಟಕ ಕಟ್ಟಿದ ಗುರ್ಲಹೊಸೂರಿನ ಅಣ್ಣಾಸಾಹೇಬರು

1901ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಒಂದು ದಿನ ಇಟಲಿ ದೇಶದ ಮಿಲಾನ್ ನಗರದ ಬೀದಿಗಳಲ್ಲಿ ಲಕ್ಷಾಂತರ ಜನರು ನೆರೆದಿದ್ದರು. ಹಳ್ಳಿಯೊಂದರಲ್ಲಿ ಪ್ರವಾಸಿಗರ ತಂಗುಮನೆ ನಡೆಸುತ್ತಿದ್ದವನ ಮಗನಾಗಿ ಹುಟ್ಟಿ, ಎಂಬತ್ತೇಳು ವರ್ಷಗಳ ತುಂಬುಬಾಳು ಬಾಳಿ, ಆ ವರ್ಷದ ಜನವರಿ 27ರಂದು ಕಣ್ಣು ಮುಚ್ಚಿದ ಜುಸೆಪ್ಪೆ ವೆರ್ಡಿಯ ಶವಪೆಟ್ಟಿಗೆಯನ್ನು ಅಂದು ಅವನ ಪತ್ನಿಯದರೊಡನೆ ಶಾಶ್ವತವಾದ ಸಮಾಧಿಗೆ ಒಯ್ಯುತ್ತಿದ್ದರು. ಎಂಟುನೂರರಷ್ಟು ಗಾಯಕರು ಒಕ್ಕೊರಲಿನಿಂದ, ಅರುವತ್ತು ವರ್ಷಗಳ ಹಿಂದೆ ಆತ ತನ್ನ ‘ನಬುಕ್ಕೊ’ ಎಂಬ ಗಾಯನ ನಾಟಕಕ್ಕಾಗಿ ರಚಿಸಿದ್ದ ದಾಸರ ಹಾಡನ್ನು ಹಾಡಿದರು. ಮೇಳವನ್ನು ನಡೆಸಿದವನು ಮುಂದೆ ಜಗತ್ಪ್ರಸಿದ್ಧನಾದ ಟೊಸ್ಕಾನಿನಿ. ನಾಟಕದ ಹಾಡು ಕಟ್ಟಿದವನೊಬ್ಬನಿಗೆ ಒಂದು ದೇಶ ಸಲ್ಲಿಸಬಹುದಾದ ಗೌರವದಲ್ಲಿ ಇದಕ್ಕಿಂತ ಹೆಚ್ಚಿನದು ಇನ್ನಾವುದಿದ್ದೀತು!

ಇಂಥವರು ನಮ್ಮಲ್ಲಿ ಯಾರಾದರೂ ಇದ್ದರೇ ಎಂದು ವಾಚಕರು ಕೇಳಬಹುದು. ಇದ್ದರು. ಮಲಪ್ರಭೆಯ ಸೀಮೆಯಲ್ಲಿಯೇ ಹುಟ್ಟಿದ್ದರು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ತೊಳೆದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಆ ನದಿಯ ಮೇಲುಗಡೆಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದ ನೆರೆಯಲ್ಲಿ, ಗುರ್ಲಹೊಸೂರು ಎಂಬ ಊರಿದೆ. ಅಲ್ಲಿ 1843ನೆಯ ಇಸವಿ ಮಾರ್ಚ್ 31ರಂದು ಜನಿಸಿದ ಬಲವಂತ ಪಾಂಡುರಂಗ ಕಿರ್ಲೋಸ್ಕರರನ್ನು ಲೋಕವು ‘ಅಣ್ಣಾಸಾಹೇಬ’ ಎಂಬ ಹೆಸರಿನಿಂದ ಬಲ್ಲದು. ಆದರೆ ಆ ಲೋಕ ಮರಾಠಿ ಲೋಕ. ನಮ್ಮ ಅಮೀನಗಡ, ಇಳಕಲ್ಲ, ಗುಳೇದಗುಡ್ಡಗಳ ಸಂತೆಯಲ್ಲಿ ನಿಂತು ಆ ಹೆಸರು ಹೇಳಿದರೆ ನೂರರಲ್ಲಿ ತೊಂಬತ್ತು ಮಂದಿಗೆ ನೆನಪಾಗುವುದು ಬಾವಿಯ ಮೇಲಿನ ಪಂಪು. ಆ ಪಂಪಿನ ಕಾರಖಾನೆಯನ್ನು ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರೂ 1869ರಲ್ಲಿ ಅದೇ ಗುರ್ಲಹೊಸೂರಿನಲ್ಲಿಯೇ ಹುಟ್ಟಿದವರು. ಒಂದು ಸಣ್ಣ ಊರು ಒಂದೇ ಶತಮಾನದಲ್ಲಿ ನಾಡಿಗೆ ನೀರೆತ್ತುವ ಯಂತ್ರವನ್ನೂ ಕಣ್ಣಲ್ಲಿ ನೀರು ತರುವ ಹಾಡನ್ನೂ ಕೊಟ್ಟಿತೆಂದರೆ ಆ ಮಣ್ಣಿನ ಗುಣವನ್ನು ಕೊಂಡಾಡಲೇಬೇಕು.

ಫ್ಲಾರೆನ್ಸಿನಲ್ಲಿ ಮತ್ತು ಪುಣೆಯಲ್ಲಿ

‘ಆಪೆರಾ’ ಎಂಬುದು ಇಟಲಿಯ ಕೂಸು. ಹದಿನಾರನೆಯ ಶತಮಾನದ ಕೊನೆಯಲ್ಲಿ ಫ್ಲಾರೆನ್ಸ್ ಪಟ್ಟಣದ ಕೆಲವರು ರಸಿಕ ಶ್ರೀಮಂತರೂ ವಿದ್ವಾಂಸರೂ ಕಲೆತು, ಪ್ರಾಚೀನ ಗ್ರೀಕರು ತಮ್ಮ ದುರಂತ ನಾಟಕಗಳನ್ನು ಹಾಡಿಯೇ ಆಡುತ್ತಿದ್ದರೆಂದು ನಂಬಿ, ಆ ಕಲೆಯನ್ನು ಮರಳಿ ಎಬ್ಬಿಸಬೇಕೆಂದು ಹೊರಟರು. ಆ ಪ್ರಯತ್ನದಿಂದ ಯಾಕೊಪೊ ಪೆರಿ ಎಂಬವನ ‘ಯೂರಿದಿಚೆ’ 1600ರಲ್ಲಿಯೂ, ಮೊಂತೆವೆರ್ದಿಯ ‘ಓರ್ಫೆಯೊ’ 1607ರಲ್ಲಿಯೂ ರಂಗಕ್ಕೆ ಬಂದವು. ಅವರು ಎಬ್ಬಿಸಹೊರಟದ್ದು ಗ್ರೀಕರ ನಾಟಕವನ್ನು; ಎದ್ದು ಬಂದದ್ದು ಮಾತ್ರ ಹೊಚ್ಚಹೊಸದಾದ ಬೇರೊಂದು ಕಲೆ! ಮೊದಲು ಅರಸರ ಹಜಾರದ ವಿನೋದವಾಗಿದ್ದ ಇದು 1637ರಲ್ಲಿ ವೆನಿಸ್ ನಗರದಲ್ಲಿ ತಿಕೀಟು ಕೊಂಡವರಿಗೆಲ್ಲ ತೆರೆದ ನಾಟಕಗೃಹವನ್ನು ಪಡೆಯಿತು.

ನಮ್ಮಲ್ಲಿ ನಡೆದ ಕಥೆಯೂ ಆಶ್ಚರ್ಯವಾಗುವಷ್ಟು ಇದನ್ನೇ ಹೋಲುತ್ತದೆ. ಇಲ್ಲಿ ಎಬ್ಬಿಸಬೇಕಾಗಿದ್ದವನು ಕಾಳಿದಾಸ.

ಅಣ್ಣಾಸಾಹೇಬರಿಗಿಂತ ಮುಂಚೆ ಮರಾಠಿ ರಂಗಭೂಮಿ ಹೇಗಿತ್ತೆಂಬುದನ್ನು ಸ್ವಲ್ಪ ಹೇಳಬೇಕು. ಅದರ ಹುಟ್ಟಿನಲ್ಲಿಯೂ ಕನ್ನಡದ ಕೈ ಇದೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗಲಿಯ ದರಬಾರಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಅರಸರು ಮರಾಠಿಯಲ್ಲಿಯೂ ಇಂಥದೊಂದು ಆಗಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಮಾಡಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೇರಿತು. ಅಣ್ಣಾಸಾಹೇಬರು ಹುಟ್ಟಿದ ವರ್ಷವೂ ಅದೇ! ಆದರೆ ಆ ನಾಟಕಗಳಲ್ಲಿ ಹಾಡುಗಳನ್ನೆಲ್ಲ ಹಾಡುವವನು ಸೂತ್ರಧಾರನೊಬ್ಬನೇ. ರಾಮ ಬಂದರೂ ಅವನೇ ಹಾಡಬೇಕು, ರಾವಣ ಬಂದರೂ ಅವನೇ. ಪಾತ್ರಧಾರಿಗಳು ಹಾಡು ಮುಗಿದ ಮೇಲೆ ತಮಗೆ ತೋಚಿದ ಮಾತನ್ನು ಆಡಿ, ಕುಣಿದು, ಆರ್ಭಟಿಸಿ ಹೋಗುತ್ತಿದ್ದರು. ನಮ್ಮ ಬಯಲಾಟವನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ.

ಅಣ್ಣಾಸಾಹೇಬರ ಬಾಲ್ಯದ ಓದು ಕನ್ನಡ, ಮರಾಠಿ ಎರಡರಲ್ಲಿಯೂ ಊರಿನಲ್ಲಿಯೇ ನಡೆಯಿತು. ಮುಂದೆ ಪುಣೆಗೆ ಓದಲು ಹೋದರು. ಓದಿಗಿಂತ ಹೆಚ್ಚಾಗಿ ನಾಟಕದ ಹುಚ್ಚು ಹಿಡಿಯಿತು. ಕಂಪನಿಗಳವರಿಗೆ ಹಾಡು ಬರೆದುಕೊಡುವುದು, ಗೆಳೆಯರನ್ನು ಕೂಡಿಸಿ ಮಂಡಳಿ ಕಟ್ಟುವುದು, ಅದು ಮುರಿಯುವುದು, ಹೀಗೆ ಕೆಲವು ವರ್ಷಗಳು ಕಳೆದವು. ಹೊಟ್ಟೆಯ ಪಾಡಿಗೆ ಬೆಳಗಾವಿಯಲ್ಲಿ ಶಾಲಾಮಾಸ್ತರಿಕೆ, ಆಮೇಲೆ ರೆವಿನ್ಯೂ ಕಮಿಷನರರ ಕಚೇರಿಯಲ್ಲಿ ಕಾರಕೂನಿಕೆ. ಮೂವತ್ತೇಳನೆಯ ವಯಸ್ಸಿನವರೆಗೆ ಅವರ ಬದುಕಿನಲ್ಲಿ ಹೇಳಿಕೊಳ್ಳುವಂಥ ಯಶಸ್ಸು ಒಂದೂ ಇಲ್ಲ. ವೆರ್ಡಿಯನ್ನು ಕೂಡ ಹದಿನೆಂಟರ ಹರೆಯದಲ್ಲಿ ಮಿಲಾನಿನ ಸಂಗೀತ ಶಾಲೆಯವರು ಒಳಗೆ ಸೇರಿಸಿಕೊಳ್ಳದೆ ಹೊರಗೆ ಕಳಿಸಿದ್ದರೆಂಬುದನ್ನು ಇಲ್ಲಿ ನೆನೆದರೆ ಸಮಾಧಾನವಾದೀತು.

1880ರಲ್ಲಿ ಪುಣೆಗೆ ಪಾರಸೀ ಕಂಪನಿಯೊಂದು ಬಂದು ‘ಇಂದ್ರಸಭಾ’ ಎಂಬ ಹಾಡುನಾಟಕವನ್ನು ಆಡಿತು. ಆ ಪಾರಸೀ ನಾಟಕಗಾರರು ಮುಂಬಯಿಯಲ್ಲಿ ಇಂಗ್ಲಿಷರ ರಂಗವೈಭವವನ್ನು ಕಂಡವರು. ತಮ್ಮ ಹಾಡುನಾಟಕಗಳಿಗೆ ‘ಆಪೆರಾ’ ಎಂಬ ಹೆಸರನ್ನೇ ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತಿದ್ದವರು. ಇಟಲಿಯಿಂದ ಹೊರಟ ಶಬ್ದವೊಂದು ಮುಂಬಯಿಯ ಬಂದರಿನಲ್ಲಿ ಇಳಿದು, ಉರ್ದುವಿನ ಅಂಗಿ ತೊಟ್ಟು, ಕಡೆಗೆ ಗುರ್ಲಹೊಸೂರಿನ ಕಾರಕೂನರ ಕಣ್ಣಿಗೆ ಬಿತ್ತು! ಪಾರಸಿಗಳು ಇಂದ್ರನ ಸಭೆಯನ್ನು ಹಾಡಿನಲ್ಲಿ ತೋರಬಹುದಾದರೆ ನಾವು ಕಣ್ವರ ಆಶ್ರಮವನ್ನು ತೋರಬಾರದೇಕೆ ಎಂದು ಅವರ ಮನಸ್ಸಿಗೆ ಬಂದಿತು. ಕೂಡಲೆ ‘ಶಾಕುಂತಲ’ವನ್ನು ಕೈಗೆತ್ತಿಕೊಂಡರು. ಅದೇ ವರ್ಷ ಅಕ್ಟೋಬರ್ 31ರಂದು ಪುಣೆಯಲ್ಲಿ ಮೊದಲಿನ ನಾಲ್ಕು ಅಂಕಗಳನ್ನು ಆಡಿ ತೋರಿಸಿದರು. ಪೂರ್ತಿ ನಾಟಕವು ಮರುವರ್ಷ ರಂಗಕ್ಕೆ ಬಂದಿತು.

ಆ ರಾತ್ರಿ ಪ್ರೇಕ್ಷಕರು ಕಂಡ ಹೊಸತು ಯಾವುದೆಂದರೆ, ದುಷ್ಯಂತನ ಹಾಡನ್ನು ದುಷ್ಯಂತನೇ ಹಾಡಿದನು. ಶಕುಂತಲೆಯ ಹಾಡನ್ನು ಶಕುಂತಲೆಯೇ ಹಾಡಿದಳು. ದುಷ್ಯಂತನಾಗಿ ನಿಂತವರು ಮೋರೋಬಾ ವಾಘೋಲೀಕರರು. ಶಕುಂತಲೆ ಶಂಕರರಾವ ಮುಜುಮದಾರರು. ಅಣ್ಣಾಸಾಹೇಬರು ತಾವೇ ಸೂತ್ರಧಾರರು. ಮಗಳನ್ನು ಗಂಡನ ಮನೆಗೆ ಕಳಿಸುವ ಕಣ್ವರ ಕೊರಳಿನಿಂದಲೇ ಆ ದುಃಖ ಹಾಡಾಗಿ ಬಂದಾಗ, ಇಷ್ಟು ದಿನ ಸೂತ್ರಧಾರನ ಬಾಯಿಂದ ಕೇಳಿ ರೂಢಿಯಾಗಿದ್ದ ಜನಕ್ಕೆ ಏನಾಗಿರಬಹುದೆಂಬುದನ್ನು ಊಹಿಸಬಹುದು. ಮಾತು ಕಟ್ಟುಮಾತಾಗಿ ಮೊದಲೇ ಬರೆದಿಟ್ಟದ್ದು. ಯಾರೂ ಮನಬಂದಂತೆ ಬಾಯಿಬಿಡುವ ಹಾಗಿಲ್ಲ. ಆ ಒಂದು ನಾಟಕದಲ್ಲಿ ಇನ್ನೂರಕ್ಕೂ ಮಿಕ್ಕಿ ಹಾಡುಗಳಿವೆ. ಸಖಿಯರ ಹರಟೆ, ಅರಸನ ಅನುಮಾನ, ಋಷಿಯ ಸಿಟ್ಟು ಎಲ್ಲವೂ ಹಾಡು. ಅವು ಇಂದಿನ ಕಛೇರಿಯ ಹಾಡುಗಳಂತೆ ಅರ್ಧ ತಾಸು ಎಳೆಯುವಂಥವಲ್ಲ. ಎರಡು ನುಡಿ, ನಾಲ್ಕು ನುಡಿ. ಕಥೆಯನ್ನು ಒಂದು ಹೆಜ್ಜೆ ಮುಂದಿಟ್ಟು ಮುಗಿಯುವಂಥವು. ಇಟಲಿಯ ಆಪೆರಾವನ್ನು ಬಲ್ಲವರು ಇದನ್ನು ಕೇಳಿದ್ದರೆ ನಮ್ಮದೇ ಬಳಗವೆಂದು ಗುರುತಿಸುತ್ತಿದ್ದರು.

ಧಾಟಿ ಯಾರದು?

ಇಲ್ಲಿ ಒಂದು ವಾದವನ್ನು ಎತ್ತಿಕೊಳ್ಳಬೇಕಾಗಿದೆ.

ಅಣ್ಣಾಸಾಹೇಬರು ವೆರ್ಡಿಯಂತೆ ಹೊಸ ರಾಗಮಾಲೆಗಳನ್ನು ಕಾಗದದ ಮೇಲೆ ಸ್ವರಹಾಕಿ ಕಟ್ಟಿದವರಲ್ಲ. ನಾಡಿನಲ್ಲಿ ಹರಿದಾಡುತ್ತಿದ್ದ ಧಾಟಿಗಳನ್ನು ಆಯ್ದುಕೊಂಡು, ಅವಕ್ಕೆ ಸರಿಯಾಗಿ ಪದ ಹೊಸೆದರು. ಸಾಕಿ, ದಿಂಡಿ, ಲಾವಣಿ, ಹರಿದಾಸರ ಕೀರ್ತನೆಯ ಮಟ್ಟು, ಹೆಂಗಸರ ಹಬ್ಬದ ಹಾಡು, ಹಿಂದುಸ್ತಾನಿಯ ಚೀಜು, ಜೊತೆಗೆ ಕರ್ನಾಟಕದ ಧಾಟಿಗಳು. ಮುದ್ರಿತ ನಾಟಕದಲ್ಲಿ ಪ್ರತಿ ಹಾಡಿನ ತಲೆಯ ಮೇಲೂ ‘ಇದು ಇಂಥ ಹಾಡಿನ ಚಾಲು’ ಎಂದು ಕಾಣಿಸುವುದು ಆ ಕಾಲದ ಪದ್ಧತಿ. ಹೀಗೆ ಆಯ್ದುಕೊಳ್ಳುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ಕೇಳುವವರುಂಟು. ಹೂವಾಡಿಗಿತ್ತಿಯು ಮಲ್ಲಿಗೆಯನ್ನು ಸೃಷ್ಟಿಸುವುದಿಲ್ಲ ನಿಜ. ಆದರೆ ಯಾವ ಹೂವಿನ ಪಕ್ಕ ಯಾವ ಹೂವು ಎಂಬುದನ್ನು ಅವಳ ಬೆರಳು ಬಲ್ಲದು. ಶೋಕಕ್ಕೆ ಯಾವುದು, ಹಾಸ್ಯಕ್ಕೆ ಯಾವುದು, ಕೃಷ್ಣನ ಕುಹಕಕ್ಕೆ ಯಾವುದು ಎಂಬುದನ್ನು ನೂರಾರು ಬಾರಿ ತಪ್ಪದೆ ಆರಿಸುವುದು ಪ್ರತಿಭೆಯಲ್ಲದೆ ಮತ್ತೇನು?

ಆ ಪ್ರತಿಭೆಗೆ ನೀರೆರೆದ ನೆಲ ನಮ್ಮದೇ. ಗುರ್ಲಹೊಸೂರಿಗೆ ನೆರೆಯಾದ ಗೋಕಾವಿಯ ಸೀಮೆಯಲ್ಲಿ, ಕುಲಗೋಡದ ತಮ್ಮಣ್ಣನವರು ರೂಪುಗೊಳಿಸಿದ ‘ಶ್ರೀಕೃಷ್ಣಪಾರಿಜಾತ’ವು ಮನೆಮಾತಾಗಿತ್ತು. ಪಾರಿಜಾತದ ಒಂದು ಹೂವಿಗಾಗಿ ಸತ್ಯಭಾಮೆ ಮುನಿಯುವುದು, ನಾರದನ ಕಿತಾಪತಿ, ದೂತಿಯ ಓಡಾಟ, ಕೃಷ್ಣನು ಕೊರವಂಜಿಯ ವೇಷದಲ್ಲಿ ಕಣಿ ಹೇಳಲು ಬರುವುದು, ಇವೆಲ್ಲವನ್ನೂ ಇರುಳು ಬೆಳಗಾಗುವವರೆಗೆ ಹಾಡಿನಲ್ಲಿಯೇ ನಡೆಸುವ ಆಟ ಅದು. ಕೌಜಲಗಿಯ ನಿಂಗಮ್ಮನ ಹೆಸರನ್ನು ಪಾರಿಜಾತದ ಜೊತೆಗೆ ಇಂದಿಗೂ ಜನ ಹೇಳುತ್ತಾರೆ. ಮುಧೋಳ, ಲೋಕಾಪುರಗಳ ಕಡೆಯವರಿಗಂತೂ ಇದು ಬೇರೆ ಹೇಳಬೇಕಾದ ಮಾತೇ ಅಲ್ಲ. ಅಣ್ಣಾಸಾಹೇಬರ ಕೃಷ್ಣನು ಪುರಾಣದ ದೇವರಿಗಿಂತ ಹೆಚ್ಚಾಗಿ ಮನೆಯ ಚತುರನಾದ ಸೋದರಮಾವನಂತೆ ಕಾಣುವುದಕ್ಕೆ ಇಂಥ ಆಟಗಳ ಸಂಸ್ಕಾರವೇ ಕಾರಣವೆಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಸಾಕ್ಷಿಯಿದೆ. ಅಣ್ಣಾಸಾಹೇಬರ ‘ಶಾಕುಂತಲ’ಕ್ಕೆ ಹತ್ತು ವರ್ಷ ಮೊದಲೇ, 1870ರ ಸುಮಾರಿಗೆ, ಧಾರವಾಡದ ಕಡೆಯ ಚುರಮುರಿ ಶೇಷಗಿರಿರಾಯರು ಅದೇ ಕಾಳಿದಾಸನ ನಾಟಕವನ್ನು ಕನ್ನಡಕ್ಕೆ ತಂದು ಅಚ್ಚು ಹಾಕಿಸಿದ್ದರು. ಶ್ಲೋಕಗಳ ಬದಲು ಜನ ಹಾಡುವ ಮಟ್ಟುಗಳಲ್ಲಿ ಪದಗಳನ್ನಿಟ್ಟ ಅನುವಾದ ಅದು. ಕಿರ್ಲೋಸ್ಕರರಿಗೆ ದಾರಿ ತೋರಿಸಿದ್ದು ಈ ಕನ್ನಡ ಶಾಕುಂತಲವೇ ಎಂದು ನಮ್ಮ ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮರಾಠಿಗರು ಪಾರಸಿಗಳ ‘ಇಂದ್ರಸಭಾ’ವನ್ನು ಮುಂದೆ ಮಾಡುತ್ತಾರೆ. ಎರಡೂ ನಿಜವಾಗಿರಬಾರದೇಕೆ? ಕಣ್ಣಿಗೆ ಬಿದ್ದ ಕಿಡಿ ಮುಂಬಯಿಯದು. ಹೊತ್ತಿದ ಕಟ್ಟಿಗೆ ಊರಿನದು. ಕರದಂಟಿನ ಹೆಸರಿಗಾಗಿ ಗೋಕಾವಿಯವರೂ ಅಮೀನಗಡದವರೂ ಜಗ್ಗಾಡುವಾಗ ತಿನ್ನುವವನು ಎರಡೂ ಕಡೆಯ ಪೊಟ್ಟಣ ಬಿಚ್ಚಿ ಸುಮ್ಮನೆ ತಿನ್ನುವುದಿಲ್ಲವೇ? ಹಾಗೆಯೇ ಇದು. (ರುಚಿಯ ವಿಷಯದಲ್ಲಿ ಈ ಲೇಖಕನ ಪಕ್ಷಪಾತ ಯಾವ ಕಡೆಗೆಂದು ಹೇಳಬೇಕಾಗಿಲ್ಲ.)

ಇನ್ನೊಂದು ಕೌತುಕ: ಮೈಸೂರಿನಲ್ಲಿ ‘ಅಭಿನವ ಕಾಳಿದಾಸ’ರೆಂಬ ಬಿರುದು ಪಡೆದು ಕನ್ನಡದಲ್ಲಿ ಶಾಕುಂತಲವನ್ನು ಬರೆದು ಅರಮನೆಯ ನಾಟಕ ಸಭೆಗೆ ಕೊಟ್ಟ ಬಸವಪ್ಪ ಶಾಸ್ತ್ರಿಗಳು ಹುಟ್ಟಿದ್ದೂ 1843ರಲ್ಲಿಯೇ. ಒಂದೇ ವರ್ಷ ಹುಟ್ಟಿದ ಇಬ್ಬರು ನಾಡಿನ ಎರಡು ತುದಿಗಳಲ್ಲಿ ಕುಳಿತು, ಒಬ್ಬಳೇ ಶಕುಂತಲೆಯನ್ನು ಎರಡು ಭಾಷೆಗಳಲ್ಲಿ ಹಾಡಿಸಿದರು.

ಸೌಭದ್ರದ ಸೊಬಗು

1882ರಲ್ಲಿ ಬಂದ ‘ಸೌಭದ್ರ’ವೇ ಅಣ್ಣಾಸಾಹೇಬರ ನಿಜವಾದ ಕಿರೀಟ. ಶಾಕುಂತಲದ ಕಥೆ ಕಾಳಿದಾಸನದು. ಇದರ ಕಟ್ಟಡವೆಲ್ಲ ಇವರದೇ. ಸುಭದ್ರೆಗೆ ಅರ್ಜುನನ ಮೇಲೆ ಮನಸ್ಸು. ಅಣ್ಣ ಬಲರಾಮ ಮಾತು ಕೊಟ್ಟದ್ದು ದುರ್ಯೋಧನನಿಗೆ. ನಡುವೆ ಕೃಷ್ಣನ ತಂತ್ರ. ಅರ್ಜುನನಿಗೆ ಕಾವಿಯ ವೇಷ. ಮೇಲೆ ಮೇಲೆ ಯದುವಂಶದ ಕಥೆ. ಒಳಗೆ ನೋಡಿದರೆ ಪ್ರತಿಯೊಂದು ಮನೆಯಲ್ಲಿಯೂ ನಡೆಯುವ ವರಾನ್ವೇಷಣೆಯ ಜಗಳ. ಇದರಲ್ಲಿ ನೂರಕ್ಕೂ ಹೆಚ್ಚು ಹಾಡುಗಳಿದ್ದು, ಶಾಕುಂತಲದ ಅರ್ಧದಷ್ಟಕ್ಕೆ ಇಳಿದಿವೆ. ಎಲ್ಲವನ್ನೂ ಹಾಡಿಸಬೇಕೆಂಬ ಮೊದಲಿನ ಆತುರ ತಗ್ಗಿ, ಎಲ್ಲಿ ಮಾತು ಸಾಕು, ಎಲ್ಲಿ ಹಾಡು ಬೇಕೇಬೇಕು ಎಂಬ ವಿವೇಕ ಮೂಡಿದೆ. ಅದೇ ಸುಮಾರಿಗೆ ಬಡೋದೆಯಿಂದ ಬಂದು ಸೇರಿದ ಭಾವೂರಾವ ಕೊಲ್ಹಟಕರ ಎಂಬ ತರುಣನ ತಾರಸ್ವರವು ಸುಭದ್ರೆಯ ಪಾತ್ರಕ್ಕೆ ಒದಗಿತು. ನಾಟಕವು ಊರೂರು ಗೆದ್ದಿತು. ಈ ಭಾವೂರಾವನೂ ವೆರ್ಡಿ ತೀರಿಕೊಂಡ 1901ರಲ್ಲಿಯೇ ತೀರಿಕೊಂಡನು. ವಯಸ್ಸು ನಲವತ್ತನ್ನು ಮುಟ್ಟಿರಲಿಲ್ಲ.

ಮೂರನೆಯದಾದ ‘ರಾಮರಾಜ್ಯವಿಯೋಗ’ವನ್ನು 1884ರಲ್ಲಿ ಕೆಲವು ಅಂಕಗಳವರೆಗೆ ಆಡಿದರು. ಅದು ಪೂರ್ತಿಯಾಗಲಿಲ್ಲ. 1885ನೆಯ ಇಸವಿ ನವೆಂಬರ್ 2ರಂದು, ನಲವತ್ತೆರಡನೆಯ ವಯಸ್ಸಿನಲ್ಲಿ ಅಣ್ಣಾಸಾಹೇಬರು ಕಾಲವಾದರು. ಶಾಕುಂತಲದ ಮೊದಲ ರಾತ್ರಿಯಿಂದ ಕೊನೆಯ ಉಸಿರಿನವರೆಗೆ ಬರೇ ಐದು ವರ್ಷ. ವೆರ್ಡಿಯು ತನ್ನ ‘ಒಥೆಲೊ’ವನ್ನು ರಂಗಕ್ಕೆ ತಂದಾಗ ಎಪ್ಪತ್ಮೂರು ವರ್ಷದವನು, ಕೊನೆಯ ಹಾಸ್ಯನಾಟಕ ‘ಫಾಲ್‌ಸ್ಟಾಫ್’ ಬಂದಾಗ ಎಪ್ಪತ್ತೊಂಬತ್ತು. ನಲವತ್ತೆರಡಕ್ಕೇ ವೆರ್ಡಿ ತೀರಿಕೊಂಡಿದ್ದರೆ ಕೈರೋ ನಗರದಲ್ಲಿ 1871ರಲ್ಲಿ ಆಡಿದ ‘ಐದಾ’ ಆಗಲಿ, ಈ ಎರಡಾಗಲಿ ಇರುತ್ತಿರಲಿಲ್ಲ. ಅಣ್ಣಾಸಾಹೇಬರಿಗೆ ಇನ್ನೂ ಮೂವತ್ತು ವರ್ಷ ದೊರೆತಿದ್ದರೆ ಎಂಬ ಯೋಚನೆ ಇಂಥ ಲೆಕ್ಕ ಹಾಕುವಾಗ ಬಾರದೆ ಇರದು.

ಗದುಗಿನವರ ಸಂಕಟ

ಕಿರ್ಲೋಸ್ಕರ ಮಂಡಳಿಯ ಕೀರ್ತಿ ಬೆಳೆದಂತೆ ಕನ್ನಡ ನಾಡಿಗೆ ಒಂದು ಸಂಕಟವೂ ಬೆಳೆಯಿತು. ಅಂದಿನ ಮುಂಬಯಿ ಇಲಾಖೆಯ ನಮ್ಮ ಜಿಲ್ಲೆಗಳಲ್ಲಿ ಶಾಲೆ ಮರಾಠಿ, ಕಚೇರಿ ಮರಾಠಿ, ದೊಡ್ಡ ಮನೆಗಳ ಪತ್ರವ್ಯವಹಾರ ಮರಾಠಿ. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಬೇಕಾದ ದಿನಗಳವು. ರಾತ್ರಿಯ ವಿನೋದವೂ ಮರಾಠಿಯೇ ಆದರೆ ಉಳಿಯುವುದೇನು? ಸಾಂಗಲಿಯ ಕಡೆಯ ನಾಟಕಗಳಿಗೆ ಕನ್ನಡಿಗರು ಮುಗಿಬೀಳುವುದನ್ನು ಕಂಡು ಮನನೊಂದವರಲ್ಲಿ ಮೊದಲಿಗರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು. ಅವರೂ ಶಾಲಾಮಾಸ್ತರರೇ. 1870ರ ದಶಕದಲ್ಲಿಯೇ ಗದುಗಿನಲ್ಲಿ ಕನ್ನಡ ಮಂಡಳಿಯನ್ನು ಕಟ್ಟಿ ‘ಉಷಾಹರಣ’ ಮೊದಲಾದ ನಾಟಕಗಳನ್ನು ಬರೆದುಕೊಟ್ಟರು. ಇಬ್ಬರು ಮಾಸ್ತರರು, ಒಬ್ಬರು ಕನ್ನಡ ನೆಲದಿಂದ ಹೊರಟು ಮರಾಠಿಯನ್ನು ಹಾಡಿಸಿದರು, ಇನ್ನೊಬ್ಬರು ಆ ಹಾಡಿಗೆ ಮರುಳಾದ ಕನ್ನಡಿಗರನ್ನು ಮನೆಗೆ ಕರೆತರಲು ಹೆಣಗಿದರು.

ಅಣ್ಣಾಸಾಹೇಬರನ್ನು ಇದಕ್ಕಾಗಿ ದೂರುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಮನೆಮಾತು ಮರಾಠಿಯಾಗಿದ್ದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಕನ್ನಡಕ್ಕೆ ಏನು ಕೊಟ್ಟರೆಂಬುದನ್ನು ಬಲ್ಲ ನಾವು ಇಂಥ ಲೆಕ್ಕವನ್ನು ಪೈಸೆಗಟ್ಟಲೆ ಇಡಬಾರದು. ಅದೂ ಅಲ್ಲದೆ ಕಿರ್ಲೋಸ್ಕರರ ಹಾಡು ಮರಾಠಿಯಲ್ಲಿಯೇ ಉಳಿಯಲಿಲ್ಲ. ನಮ್ಮ ವೃತ್ತಿನಾಟಕಗಳ ಬೆನ್ನೆಲುಬಾಗಿ ಬಂದಿತು. ಗದುಗಿನ ಗರುಡ ಸದಾಶಿವರಾಯರ ಶ್ರೀ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಇವೆಲ್ಲ ಪಾತ್ರಗಳೇ ನಿಂತು ಹಾಡುವ ಆ ಪದ್ಧತಿಯಲ್ಲಿ ಬೆಳೆದವು.

ಕೊರಳುಗಳನ್ನಂತೂ ನಾವೇ ಒದಗಿಸಿದೆವು. ಕುಂದಗೋಳದ ರಾಮಚಂದ್ರರಾಯರು ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನ್ ಸಾಹೇಬರ ಶಿಷ್ಯರು. ಅವರು ಇದೇ ‘ಸೌಭದ್ರ’ದಲ್ಲಿ ಸುಭದ್ರೆಯಾಗಿ ಹಾಡಿ ಅಮರಾವತಿಯಲ್ಲಿ ‘ಸವಾಯಿ ಗಂಧರ್ವ’ರೆಂಬ ಬಿರುದನ್ನು ಪಡೆದರು. ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರ ಹೆಸರನ್ನು ಕೇಳದವರು ಯಾರು? ಮಲ್ಲಿಕಾರ್ಜುನ ಮನಸೂರರು ಕೂಡ ಬಾಲನಟರಾಗಿ ನಾಟಕದ ಹಾಡು ಹಾಡುತ್ತಲೇ ಗುರುಗಳ ಕಣ್ಣಿಗೆ ಬಿದ್ದವರು. ಹಿಂದುಸ್ತಾನಿ ಸಂಗೀತಕ್ಕೆ ಧಾರವಾಡದ ಸೀಮೆಯು ಹೇಗೆ ತವರಾಯಿತೆಂದು ಕೇಳುವವರಿಗೆ ಉತ್ತರದ ಒಂದು ಪಾಲು ಕಂಪನಿಯ ಡೇರೆಯಲ್ಲಿ ಸಿಕ್ಕುತ್ತದೆ.

ಅಮೀನಗಡಕ್ಕೆ ಇನ್ನೂ ಹತ್ತಿರದ ಕಥೆಯೊಂದಿದೆ. 1905ರಲ್ಲಿ ಮಿರಜೆಯಲ್ಲಿ ನಾರಾಯಣರಾವ ರಾಜಹಂಸ ಎಂಬ ಹುಡುಗನು ಕಿರ್ಲೋಸ್ಕರ ಮಂಡಳಿಯ ಶಕುಂತ‌ಲೆಯಾಗಿ ರಂಗಕ್ಕೆ ಬಂದನು. ಅವನೇ ಬಾಲಗಂಧರ್ವ. ಅವನು ಉಡುವ ಸೀರೆ, ಮುಡಿಯುವ ಹೂವು ನೋಡಿ ಗೃಹಿಣಿಯರು ಅಲಂಕಾರ ಕಲಿಯುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. 1913ರಲ್ಲಿ ತನ್ನದೇ ಮಂಡಳಿ ಕಟ್ಟಿ ಆಳಿದನು. ವಯಸ್ಸು ಇಳಿದು ಹೆಣ್ಣುವೇಷ ಒಪ್ಪದ ಕಾಲ ಬಂದಾಗ, ಆ ಮಂಡಳಿಯ ನಾಯಿಕೆಯಾಗಿ 1938ರಲ್ಲಿ ಬಂದವರು ಗೋಹರಬಾಯಿ ಕರ್ನಾಟಕಿ. ನಮ್ಮ ಬೀಳಗಿಯ ಹೆಣ್ಣುಮಗಳು! ‘ಕಿಸ್ಮತ್’ ಚಿತ್ರದ ಹಾಡುಗಳಿಂದ 1943ರಲ್ಲಿ ದೇಶವನ್ನೇ ಮರುಳು ಮಾಡಿದ ಅಮೀರಬಾಯಿ ಕರ್ನಾಟಕಿಯ ಸೋದರಿ. ಗುರ್ಲಹೊಸೂರಿನವರು ಬರೆದ ಹಾಡುಗಳನ್ನು, ಮರಾಠಿ ಜನದ ಆರಾಧ್ಯದೇವತೆಯ ಪಕ್ಕದಲ್ಲಿ ನಿಂತು, ಬೀಳಗಿಯವಳು ಹಾಡಿದಳು. ಪುಣೆಯ ರಸಿಕರಲ್ಲಿ ಹಲವರಿಗೆ ಇದು ರುಚಿಸಲಿಲ್ಲ. ಆಕೆಯ ಜಾತಿಮತಗಳ ಮಾತೂ ಬಂತು. ಆದರೆ ಬಾಲಗಂಧರ್ವರು ಆಕೆಯನ್ನು ಬಿಡಲಿಲ್ಲ. ಕೊನೆಗೆ ವಿವಾಹವನ್ನೇ ಮಾಡಿಕೊಂಡರು.

ಬರೆದಿಟ್ಟದ್ದು, ಬಾಯಿಗೆ ಬಂದದ್ದು

ವೆರ್ಡಿಯು ಗಾಯಕರ ವಿಷಯದಲ್ಲಿ ಕಡುನಿಷ್ಠುರಿ. ತಾನು ಬರೆದ ಸ್ವರವನ್ನೇ ಹಾಡಬೇಕು. ತಮ್ಮ ಕಸರತ್ತು ಸೇರಿಸಕೂಡದು. 1851ರಲ್ಲಿ ‘ರಿಗೊಲೆತ್ತೊ’ ಬರುವಾಗ, ನಾಯಕನ ಒಂದು ಹಾಡು ಮೊದಲೇ ಬೀದಿಪಾಲಾದೀತೆಂದು ಹೆದರಿ ಅದನ್ನು ಆಟದ ದಿನ ಸಮೀಪಿಸುವ ತನಕ ಗಾಯಕನಿಗೂ ಕೊಡದೆ ಮುಚ್ಚಿಟ್ಟಿದ್ದನೆಂದು ಕಥೆ ಹೇಳುತ್ತಾರೆ. ಅವನ ಸಂಗೀತವೆಲ್ಲ ಕಾಗದದ ಮೇಲಿದೆ. ಅವನು ಬರೆದ ಸ್ವರವನ್ನೇ ಇಂದು ಮಿಲಾನಿನಲ್ಲಿಯೂ ಟೋಕಿಯೋದಲ್ಲಿಯೂ ಹಾಡಬಲ್ಲರು.

ನಮ್ಮಲ್ಲಿ ಹಾಡು ಕೊರಳಿನಿಂದ ಕೊರಳಿಗೆ ಬಂತು. ಅಣ್ಣಾಸಾಹೇಬರ ಕಾಲದಲ್ಲಿ ನಾಲ್ಕು ನುಡಿಯಲ್ಲಿ ಮುಗಿಯುತ್ತಿದ್ದ ಪದವು, ಬಾಲಗಂಧರ್ವರ ಕಾಲಕ್ಕೆ ‘ವನ್ಸ್ ಮೋರ್’ ಮೇಲೆ ‘ವನ್ಸ್ ಮೋರ್’ ಬಿದ್ದು, ಆಲಾಪ ತಾನುಗಳಿಂದ ಹಿಗ್ಗಿ ರಾಗದ ಕಛೇರಿಯಾಯಿತು. ಸುಭದ್ರೆ ಅಳುತ್ತ ನಿಂತಿದ್ದಾಳೆ, ಅರ್ಜುನ ಕಾಯುತ್ತಿದ್ದಾನೆ, ಕಥೆ ನಿಂತೇಬಿಟ್ಟಿದೆ. ಗಂಟೆ ರಾತ್ರಿ ಎರಡು! ಸಂಗೀತಕ್ಕೆ ಇದರಿಂದ ಲಾಭವಾಯಿತು. ಗ್ರಾಮಫೋನ್ ತಟ್ಟೆಗಳಲ್ಲಿ ಅಮರವಾದ ಹಾಡುಗಳು ದೊರೆತವು. ನಾಟಕಕ್ಕೆ ಮಾತ್ರ ನಷ್ಟವಾಯಿತೆಂದೇ ಹೇಳಬೇಕು. ಸಂಗೀತ ಕೇಳುವವರು ಕಛೇರಿಗೆ ಹೋದರು, ಕಥೆ ನೋಡುವವರು ಸಿನೇಮಾಕ್ಕೆ ಹೋದರು, ನಡುವೆ ನಾಟಕದ ಡೇರೆ ಬರಿದಾಯಿತು.

ಅಂಥ ದಿನಗಳಲ್ಲಿಯೂ ನಮ್ಮ ಸೀಮೆ ಸೋಲೊಪ್ಪಲಿಲ್ಲ. ಅಮೀನಗಡದ ಮಗ್ಗುಲಿನ ಸೂಳೇಭಾವಿಯ ಪಿ. ಬಿ. ಧುತ್ತರಗಿಯವರು ಹಾಡಿಗಿಂತ ಮಾತಿನ ಚುರುಕನ್ನೂ ಸಂಸಾರದ ಕಥೆಯನ್ನೂ ನಂಬಿ ನಾಟಕ ಬರೆದರು. ಅವರ ‘ಸಂಪತ್ತಿಗೆ ಸವಾಲ್’ ಊರೂರು ಸುತ್ತಿ, 1974ರಲ್ಲಿ ರಾಜಕುಮಾರ್ ಅವರ ಚಲನಚಿತ್ರವಾಗಿ ಹಳ್ಳಿಹಳ್ಳಿಯ ಮಾತಾಯಿತು. ಇಂದಿಗೂ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಡೇರೆ ಹೂಡುತ್ತವೆ. ಹಾರ್ಮೋನಿಯಮ್ಮಿನ ಬದಲು ಕೀಬೋರ್ಡು ಬಂದಿದೆ. ಹಾಡುಗಳೂ ಬಹುಪಾಲು ಸಿನೇಮಾದ ಧಾಟಿಯವು. ಕೇಳಿ ಮೂಗು ಮುರಿಯುವ ಪಂಡಿತರು, ಊರಲ್ಲಿ ಹರಿದಾಡುವ ಧಾಟಿಗೆ ಪದ ಹೊಸೆಯುವ ವಿದ್ಯೆ ಅಣ್ಣಾಸಾಹೇಬರದೇ ಎಂಬುದನ್ನು ನೆನೆಯಬೇಕು.

ವೆರ್ಡಿ ತನ್ನ ಎಲ್ಲ ಕೃತಿಗಳಲ್ಲಿಯೂ ತನಗೆ ಮೆಚ್ಚಿನದೆಂದು ಹೇಳಿಕೊಂಡದ್ದು ಯಾವ ಗಾಯನ ನಾಟಕವನ್ನೂ ಅಲ್ಲ; ಮಿಲಾನಿನಲ್ಲಿ ಮುಪ್ಪಿನ ಸಂಗೀತಗಾರರಿಗಾಗಿ ತಾನು ಕಟ್ಟಿಸಿದ ಮನೆಯನ್ನು. ಕೊರಳು ಸೋತ ಗಾಯಕರಿಗೆ ಅಲ್ಲಿ ಊಟ ವಸತಿಗಳುಂಟು. ಅವನ ಸಮಾಧಿಯೂ ಅಲ್ಲಿಯೇ ಇದೆ. ಕಂಪನಿಗಳಲ್ಲಿ ಅರಸಿಯಾಗಿ ಮೆರೆದು ಮುಪ್ಪಿನಲ್ಲಿ ಸರಕಾರದ ಮಾಸಾಶನಕ್ಕೆ ಅರ್ಜಿ ಹಿಡಿದು ನಿಲ್ಲುವ ನಮ್ಮ ಕಲಾವಿದೆಯರನ್ನು ಬಲ್ಲವರಿಗೆ ಆ ಮನೆಯ ಬೆಲೆ ತಿಳಿದೀತು.

ಅಣ್ಣಾಸಾಹೇಬರಿಗೆ ಇಟಲಿಯ ಮಾದರಿಯ ಸಮಾಧಿಯಿಲ್ಲ. ಎಂಟುನೂರು ಕಂಠಗಳ ಮೇಳವೂ ದೊರೆಯಲಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ನಾಟ್ಯ ಸಮ್ಮೇಳನ ನಡೆದಾಗ ಮೊದಲು ನಟರೆಲ್ಲರೂ ರಂಗದ ಮೇಲೆ ಸಾಲಾಗಿ ನಿಂತು, ಕೈಮುಗಿದು ಒಂದು ನಾಂದಿಯನ್ನು ಹಾಡುತ್ತಾರೆ. ಅದು 1880ರ ಅಕ್ಟೋಬರಿನ ಆ ರಾತ್ರಿ ಪುಣೆಯಲ್ಲಿ ಮೊದಲು ಹಾಡಿದ ‘ಶಾಕುಂತಲ’ದ ನಾಂದಿಯೇ.